ಬೆತ್ತಲೆ ಮತ್ತು ಲೈಂಗಿಕತೆಯ ಕುರಿತ ಸಮಾಜದ ಧೋರಣೆ ನಮ್ಮ ನಡವಳಿಕೆಯನ್ನು ಹೇಗೆ ರೂಪಿಸುತ್ತದೆ?

ಬರಿಮೈ ತನ್ನಷ್ಟಕ್ಕೆ ನಾಚಿಕೆಯನ್ನಾಗಲಿ ಕಾಮವನ್ನಾಗಲಿ ಹುಟ್ಟಿಸುವುದಿಲ್ಲ. ಅದನ್ನು ಎಲ್ಲಿ, ಹೇಗೆ ನೋಡಬೇಕೆಂಬುದನ್ನು ಸಮಾಜ ನಮಗೆ ಬಹುಪಾಲು ಬಾಲ್ಯದಲ್ಲೇ ಕಲಿಸಿರುತ್ತದೆ. ತುಮಕೂರಿನ ಬಳಿಯ ಮಂದರಗಿರಿಗೆ, ಅಂದರೆ ಬಸದಿ ಬೆಟ್ಟಕ್ಕೆ, ದಿಗಂಬರ ಮುನಿಗಳು ಬಂದಾಗ ಹೆಂಗಸರು, ಮಕ್ಕಳು, ಹಿರಿಯರು ಒಟ್ಟಿಗೆ ನಿಂತು ಮುಜುಗರವಿಲ್ಲದೆ ಕೈಮುಗಿಯುತ್ತಾರೆ, ಏಕೆಂದರೆ ಅಲ್ಲಿ ಬೆತ್ತಲೆಯು ಅಪರಿಗ್ರಹದ, ಎಲ್ಲವನ್ನೂ ತೊರೆದುದರ ಗುರುತು. ಅದೇ ತುಮಕೂರಿನ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಒಳಉಡುಪನ್ನು ಒಣಹಾಕುವಾಗ ಮೇಲೊಂದು ಟವೆಲ್ ಹೊದಿಸುತ್ತಾರೆ. ಬಟ್ಟೆಗೇ ಇಷ್ಟು ಸಂಕೋಚ!

ಬೇರೆಡೆ ನಿಯಮ ಬೇರೆ. ಫಿನ್ಲೆಂಡಿನ ಸೌನಾದಲ್ಲಿ, ಅಂದರೆ ಬೆವರು ಹರಿಸುವ ಬಿಸಿ ಕೋಣೆಯಲ್ಲಿ, ಮನೆಮಂದಿ ಬರಿಮೈಯಲ್ಲಿ ಕೂರುವುದು ಸಹಜ, ಜಪಾನಿನ ಬಿಸಿನೀರಿನ ಸ್ನಾನಗೃಹಗಳಲ್ಲಿ ಬಟ್ಟೆ ತೊಟ್ಟು ನೀರಿಗಿಳಿಯುವುದನ್ನೇ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 2014ರಲ್ಲಿ, ಅವೀಕ್ ಸರ್ಕಾರ್ ಪ್ರಕರಣದಲ್ಲಿ, ನಗ್ನ ಚಿತ್ರವೆಂಬ ಒಂದೇ ಕಾರಣಕ್ಕೆ ಅದು ಅಶ್ಲೀಲವಾಗದು, ಸಂದರ್ಭವನ್ನೂ ಸಮಕಾಲೀನ ಸಮುದಾಯದ ಮಾನದಂಡವನ್ನೂ ನೋಡಬೇಕೆಂದು ಹೇಳಿತು.

ನನ್ನ ದೃಷ್ಟಿಯಲ್ಲಿ ಸಂಕೋಚಕ್ಕಿಂತ ಅದರ ಜೊತೆಗಿರುವ ಮೌನವೇ ಹೆಚ್ಚು ದುಬಾರಿ. ಸ್ತನದಲ್ಲಿ ಗಂಟು ಕಾಣಿಸಿದರೂ ಪುರುಷ ವೈದ್ಯರಿಗೆ ತೋರಿಸಬೇಕಾದೀತೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವವರಿದ್ದಾರೆ. ಮದುವೆಯಾಗುವವರೆಗೂ ಗರ್ಭನಿರೋಧಕದ ಬಗ್ಗೆ ಯಾರನ್ನೂ ಕೇಳಲಾಗದ ಯುವಕ ಯುವತಿಯರು ಮೊಬೈಲಿನ ಅಶ್ಲೀಲ ವಿಡಿಯೋಗಳನ್ನೇ ಪಾಠವೆಂದುಕೊಳ್ಳುತ್ತಾರೆ. ಗುಪ್ತಾಂಗಗಳ ಹೆಸರನ್ನೇ ಹೇಳಿಕೊಡದ ಮನೆಯ ಮಗು, ಯಾರಾದರೂ ಕೆಟ್ಟದಾಗಿ ಮುಟ್ಟಿದರೆ, 2012ರ ಪೋಕ್ಸೊ ಕಾಯ್ದೆ ತನ್ನ ರಕ್ಷಣೆಗಿದ್ದರೂ ಆದದ್ದನ್ನು ತಾಯಿಗೆ ವಿವರಿಸಲು ತಡಕಾಡುತ್ತದೆ.