ಮನೆಗೆ ತಂಪಾದ, ಶಾಂತವಾದ ಬಣ್ಣ ಆರಿಸೋದು ಹೇಗೆ?

ಬಣ್ಣದ ಕಾರ್ಡ್ ಬದಿಗಿಟ್ಟು, ಮೊದಲು ಕಿಟಕಿ ಯಾವ ದಿಕ್ಕಿಗಿದೆ ನೋಡಿ. ಪಶ್ಚಿಮದ ಕೋಣೆಗೆ ಸಂಜೆ ಕೆಂಬಿಸಿಲು ಬೀಳುತ್ತದೆ. ಅಲ್ಲಿ ತಿಳಿನೀಲಿ ಕಣ್ಣಿಗೆ ನಿಜಕ್ಕೂ ಹಿತ. ಉತ್ತರದ ಕೋಣೆಗೆ ಬರುವ ಬೆಳಕೇ ನೀಲಿಛಾಯೆಯದು. ಅದೇ ನೀಲಿ ಅಲ್ಲಿ ಮಂಕಾಗಿ, ಮಳೆಗಾಲದಲ್ಲಂತೂ ಬೇಸರ ತರಿಸುತ್ತದೆ. ಅಲ್ಲಿಗೆ ತುಸು ಹಳದಿ ಬೆರೆತ ತಿಳಿಹಸಿರು ಹಾಕಿ.

ನೆಲವನ್ನೂ ಮರೆಯಬೇಡಿ. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಬೂದು ಬೆರೆತ ಹಸಿರು ಗೋಡೆಯಷ್ಟು ಚೆಂದ ಒಪ್ಪುವುದು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಬಣ್ಣಗಳನ್ನು ವೃತ್ತಾಕಾರದಲ್ಲಿ ಜೋಡಿಸಿದ ವರ್ಣಚಕ್ರದಲ್ಲಿ ಕೆಂಪು, ಹಸಿರು ಎದುರುಬದುರು. ಹಾಗಾಗಿ ನೆಲದ ಕೆಂಪು ಇನ್ನಷ್ಟು ಎದ್ದು ಕಾಣುತ್ತದೆ.

ಕಾರ್ಡಿಗಿಂತ ಗೋಡೆ ಮೇಲೆ ಬಣ್ಣ ಗಾಢವಾಗಿ ಕಾಣುತ್ತೆ. 2 ಅಡಿ ಚೌಕಕ್ಕೆ ಎರಡು ಕೋಟ್ ಹಚ್ಚಿ, ಬೆಳಗ್ಗೆ, ಸಂಜೆ, ರಾತ್ರಿ ನೋಡಿ. 6500 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ; ಇದು ನೀಲಿ ಬೆರೆತ ಬಿಳಿ) ಎಲ್‌ಇಡಿ ಬೆಳಕಲ್ಲಿ ತಿಳಿನೀಲಿ ಆಸ್ಪತ್ರೆ ಗೋಡೆಯಂತಾಗುತ್ತದೆ; ಹಳದಿಛಾಯೆಯ 3000 ಕೆಲ್ವಿನ್ ಆದರೆ ಮೃದುವಾಗಿರುತ್ತದೆ.