ಸ್ನಾಯು ಆಮೇಲೆ, ಮೊದಲು ಭಾರ ಎಲ್ಲಿದೆ ನೋಡು

ತಮ್ಮಾ, ಗರಡಿಯಲ್ಲಿ ಕೂತು ಮಾಡಿದ ಹದಿನಾಲ್ಕು ಸ್ಕೆಚ್ ನಮ್ಮ ಗ್ರೂಪಲ್ಲಿ ಹಾಕಿ "ಮಸಲ್ಸ್ ಎಲ್ಲಾ ಸರಿಯಾಗೇ ಬಂದಿದೆ, ಆದ್ರೂ ಪೈಲ್ವಾನ್ರು ಗೊಂಬೆ ಥರ ಕಾಣ್ತಾರೆ, ಯಾವ ಅನಾಟಮಿ ಪುಸ್ತಕ ತಗೊಳ್ಲಿ" ಅಂತ ಕೇಳಿದ್ದೀಯಲ್ಲ, ಈಗ್ಲೇ ಪುಸ್ತಕಕ್ಕೆ ದುಡ್ಡು ಹಾಕ್ಬೇಡ. ಹದಿನಾಲ್ಕನ್ನೂ ಜೂಮ್ ಮಾಡಿ ನೋಡ್ದೆ. ಎಲ್ಲದರಲ್ಲೂ ತಲೆಯಿಂದ ಶುರು ಮಾಡಿದ್ದೀಯ, ಆಮೇಲೆ ಕತ್ತು, ಭುಜ, ಎದೆ ಅಂತ ಮೆಟ್ಟಿಲು ಇಳಿದ ಹಾಗೆ ಇಳ್ಕೊಂಡು ಬಂದಿದ್ದೀಯ, ಪಾದಕ್ಕೆ ಬರೋ ಹೊತ್ತಿಗೆ ಒಂದೋ ಪೇಪರ್ ಮುಗಿದಿದೆ ಇಲ್ಲಾ ಟೈಮ್ ಮುಗಿದಿದೆ. ಎಂಟರಲ್ಲಿ ಪಾದಾನೇ ಇಲ್ಲ. ಪಾದ ಇಲ್ದೆ ಕುಸ್ತಿ ಹೆಂಗಪ್ಪಾ ಹಿಡೀತಾನೆ ಅವ್ನು?

ಬೈತಿದ್ದೀನಿ ಅಂದ್ಕೋಬೇಡ. ಇದೇ ತಪ್ಪನ್ನ ನಾನು ಎರಡು ವರ್ಷ ಮಾಡಿದ್ದೀನಿ, ಅದಕ್ಕೇ ಇಷ್ಟುದ್ದ ಬರೀತಿರೋದು.

ದಸರಾ ಕುಸ್ತಿಗೆ ಜೋಡಿ ಕಟ್ಟೋ ಸಮಯ ಅದು, ಗರಡಿ ತುಂಬಾ ಜನ. ನಾನು ದಿನಾ ಸಂಜೆ ಹೋಗಿ ಮೂಲೇಲಿ ಕೂತು ಒಬ್ಬ ಪೈಲ್ವಾನನ್ನ ಹಿಡ್ಕೊಂಡು ಬೆನ್ನು, ರೆಟ್ಟೆ, ತೊಡೆ ಎಲ್ಲಾ ಶೇಡ್ ಮಾಡಿ ಮುಗಿಸ್ದೆ, ಮಾರನೇ ದಿನ ಹೋಗಿ ಅವನ ಎದುರಾಳೀನ ಪಕ್ಕದಲ್ಲಿ ಕೂರಿಸ್ದೆ. ಎರಡು ಸಂಜೆಯ ಕೆಲಸ. ಗರಡೀಲಿ ಕುಸ್ತಿ ಕಲಿಸೋ ಉಸ್ತಾದರಿಗೆ ತೋರಿಸ್ದೆ. ಅವರು ತುಂಬಾ ಹೊತ್ತು ನೋಡಿ ಹೇಳಿದ್ದು ಇಷ್ಟೇ, "ಮೈಕಟ್ಟು ಚೆನ್ನಾಗ್ ಬಂದೈತೆ ಕಣಪ್ಪಾ. ಆದ್ರೆ ಇವ್ನು ಅವ್ನ ಮೇಲೆ ಬಿದ್ದಿಲ್ಲ, ಅವ್ನು ಇವ್ನ ತಡ್ದಿಲ್ಲ." ನನಗೆ ಅರ್ಥ ಆಗ್ಲಿಲ್ಲ. ಚಪ್ಪಲಿ ಬಿಡಿಸಿ ಮಟ್ಟಿಗೆ, ಅಂದ್ರೆ ಕುಸ್ತಿ ಆಡೋ ಮಣ್ಣಿನ ಅಂಕಣಕ್ಕೆ ಇಳಿಸಿದ್ರು, ನನ್ನ ಕತ್ತಿನ ಹಿಂದೆ ಅಂಗೈ ಹಾಕಿ ಕೆಳಕ್ಕೆ ಎಳೆದು ಒತ್ತಿದ್ರು, ತಡ್ಕೋ ಅಂದ್ರು. ಎರಡು ಉಸಿರಲ್ಲಿ ನನ್ನ ಹಿಮ್ಮಡಿ ಮೇಲೆದ್ದೋಯ್ತು, ಬೆರಳು ಮಣ್ಣಲ್ಲಿ ಹೂತ್ಕೊಂಡ್ವು, ಹಿಂದಿನ ತೊಡೆ ನಡುಗೋಕೆ ಶುರು. "ಎಲ್ಲಿ ನೋಯ್ತಾ ಐತೆ?" ಅಂದ್ರು. ಹಿಂದಿನ ಕಾಲು ಅಂದೆ. "ಅದ್ನ ಮೊದ್ಲು ಬರಿ."

ಅವತ್ತಿಂದ ನಾನು ತಲೆಯಿಂದ ಶುರು ಮಾಡೇ ಇಲ್ಲ. ನೆಲ ಒತ್ತಿರೋ ಕಾಲಿನ ಬೆರಳಿಂದ ಶುರು, ಅಲ್ಲಿಂದ ಮೀನಖಂಡ, ತೊಡೆ, ಸೊಂಟ, ಬೆನ್ನು ಹಾದು ಕತ್ತಿನ ಹಿಂಭಾಗದ ತನಕ ಒಂದೇ ಗೆರೆ, ಕೈ ಎತ್ತದೆ. ಎದುರಾಳಿಗೂ ಅದೇ ಥರ ಆ ಕಡೆ ಕಾಲಿಂದ ಇನ್ನೊಂದು. ಎರಡೂ ತಲೆ ಹತ್ರ ಸೇರಿ ಕಮಾನು ಆಗ್ಬೇಕು. ಇಬ್ಬರು ಪೈಲ್ವಾನರನ್ನ ಎರಡು ಆಕೃತಿ ಅಂದ್ಕೊಂಡ್ರೆ ಕೆಟ್ಟೆ, ಪಟ್ಟು ಹಿಡಿದ ಮೇಲೆ ಅವರು ನಾಲ್ಕು ಕಾಲಿನ ಒಂದೇ ಆಕೃತಿ. ಒಂದು ಪರೀಕ್ಷೆ ಹೇಳ್ತೀನಿ ಮಾಡು. ನಿನ್ನ ಚಿತ್ರದಲ್ಲಿ ಒಬ್ಬನನ್ನ ಅಂಗೈಲಿ ಮುಚ್ಚು. ಉಳಿದವನು ಮುಂದಕ್ಕೆ ಬಿದ್ದೇ ಬೀಳ್ತಾನೆ ಅನ್ಸಬೇಕು. ಆರಾಮಾಗಿ ನಿಂತಿದ್ದಾನೆ ಅನ್ಸಿದ್ರೆ ಭಾರ ತಪ್ಪಿದೆ ಅಂತ ಅರ್ಥ. ನಿನ್ನ 9ನೇದು ಒಂದು ಬಿಟ್ಟು ಎಲ್ಲಾ ಇದ್ರಲ್ಲಿ ಫೇಲ್. ಆ 9ನೇದ್ರಲ್ಲಿ ಮುಖಾನೂ ಇಲ್ಲ, ಬೆರಳೂ ಇಲ್ಲ, ಆದ್ರೆ ಕೆಳಗಿರೋನ ಮಂಡಿ ಮೇಲೆ ಎಷ್ಟು ಭಾರ ಇದೆ ಅಂತ ನನ್ನ ಮಂಡಿಗೇ ಗೊತ್ತಾಗ್ತಿದೆ.

ಹಾಗಂತ ಈ ಪರೀಕ್ಷೆ ಎಲ್ಲಾ ಕಡೆ ನಡೆಯಲ್ಲ. ಪಟ್ಟು ಹಿಡಿಯೋ ಮುಂಚೆ ಕೈ ಚಾಚ್ಕೊಂಡು ಸುತ್ತು ಹಾಕ್ತಾರಲ್ಲ, ಆಗ ಒಬ್ಬೊಬ್ಬನೂ ತನ್ನ ಭಾರ ತಾನೇ ಹೊತ್ತಿರ್ತಾನೆ. ಅಲ್ಲಿ ಹಳೇ ಲೆಕ್ಕಾನೇ ನೋಡು, ಕತ್ತಿನ ಗುಳಿಯಿಂದ ತೂಗುಗುಂಡು ಬಿಟ್ಟ ಹಾಗೆ ನೇರ ಗೆರೆ ಎಳೆದ್ರೆ ಒಂಟಿ ಕಾಲಲ್ಲಿ ನಿಂತವನಿಗೆ ಅದು ಆ ಪಾದದ ಮೇಲೇ ಬೀಳ್ಬೇಕು, ಎರಡು ಕಾಲಲ್ಲಿ ನಿಂತವನಿಗೆ ಎರಡರ ನಡುವೆ. ಭಾರ ಹೊತ್ತ ಕಡೆ ಸೊಂಟ ಮೇಲೇಳತ್ತೆ, ಭುಜ ಸಾಮಾನ್ಯವಾಗಿ ಅದೇ ಕಡೆ ಇಳಿಯತ್ತೆ. ಓಡೋನಿಗೆ ಗೆರೆ ಪಾದ ಬಿಟ್ಟು ಮುಂದೆ ಹೋಗ್ಬೇಕು, ಇಲ್ಲಾಂದ್ರೆ ನಿಂತಲ್ಲೇ ಕಾಲು ಎತ್ತಿ ಇಳಿಸ್ತಿದ್ದಾನೆ ಅನ್ಸತ್ತೆ.

ಇನ್ನು ಗುಂಪಲ್ಲಿ ಪ್ರಾಕ್ಟೀಸ್ ಮಾಡೋ ವಿಷಯ. ಹೋದ ಭಾನುವಾರ ಕುಕ್ಕರಹಳ್ಳಿ ಕೆರೆ ಹತ್ರ ನೀವೆಲ್ಲಾ ಒಬ್ಬನನ್ನ ಬೌಲಿಂಗ್ ಪೋಸಲ್ಲಿ ಹತ್ತು ನಿಮಿಷ ನಿಲ್ಲಿಸಿದ ಫೋಟೋ ನೋಡ್ದೆ. ಪಾಪ ಆ ಹುಡುಗನ ಕೈ ಎರಡನೇ ನಿಮಿಷಕ್ಕೇ ಇಳಿದಿರತ್ತೆ. ಬೌಲಿಂಗನ್ನ ಯಾರೂ ಹಿಡಿದು ನಿಲ್ಲಕ್ಕಾಗಲ್ಲ, ಹಿಡಿದ ತಕ್ಷಣ ಅದು ಬೌಲಿಂಗ್ ಅಲ್ಲ, ಕೈ ಎತ್ತಿರೋ ಮನುಷ್ಯ ಅಷ್ಟೇ. ನಮ್ಮ ಪದ್ಧತಿ ಬೇರೆ. ನಿಲ್ಲಿಸಲ್ಲ, ಅದೇ ಚಲನೇನ ಮತ್ತೆ ಮತ್ತೆ ಮಾಡಿಸ್ತೀವಿ. ಒಬ್ಬರು ಅಕ್ಕಿ ಮೂಟೆ ನೆಲದಿಂದ ಎತ್ತಿ ಹೆಗಲಿಗೆ ಹಾಕ್ಕೊಂಡು ಇಳಿಸ್ಬೇಕು, ಹತ್ತು ಸಲ. ಮೊದಲ ಮೂರು ಸಲ ಯಾರೂ ಪೆನ್ಸಿಲ್ ಮುಟ್ಟೋ ಹಾಗಿಲ್ಲ, ಬರೀ ನೋಡೋದು. ಆಮೇಲೆ ಯಾವುದೋ ಒಂದೇ ಗಳಿಗೆ ಆರಿಸ್ಕೋ, ಮೂಟೆ ನೆಲ ಬಿಡೋ ಗಳಿಗೇನೇ ಇರ್ಲಿ, ಪ್ರತಿ ಸಲ ಆ ಗಳಿಗೆ ಬಂದಾಗ ಒಂದೊಂದು ಗೆರೆ ಸೇರಿಸ್ಕೊಂಡು ಹೋಗು. ಶಿಲ್ಪಿ ರೋಡಿನ್ ಕೂಡ ಮಾಡೆಲ್‌ಗಳನ್ನ ಸ್ಟುಡಿಯೋ ತುಂಬಾ ಇಷ್ಟ ಬಂದ ಹಾಗೆ ಓಡಾಡಕ್ಕೆ ಬಿಟ್ಟು, ಕಣ್ಣನ್ನ ಅವರ ಮೇಲಿಂದ ತೆಗೀದೆ, ಪೇಪರ್ ನೋಡ್ದೆ ಗೆರೆ ಎಳೀತಿದ್ದ.

ಖಾಲಿ ಚೀಲ ಎತ್ತಿ ಭಾರ ಇದೆ ಅಂತ ನಟಿಸ್ಬೇಡಿ, ಮೈ ಸುಳ್ಳು ಹೇಳತ್ತೆ, ಅದೇ ಸುಳ್ಳು ಪೇಪರ್ ಮೇಲೆ ಬರತ್ತೆ. 10 ಕೆಜಿ ಸಾಕು, ಹುಡುಗರು ಹುಮ್ಮಸ್ಸಲ್ಲಿ 25 ಕೆಜಿ ಮೂಟೆ ತರ್ತೀರ, ಬೇಡ, ಬೆನ್ನು ನೋವಿದ್ದೋರು ಎತ್ತೋದೇ ಬೇಡ. ಮತ್ತೆ ಎಲ್ಲರೂ ಸರದಿ ಪ್ರಕಾರ ಪೋಸ್ ಕೊಡ್ಬೇಕು, ಚೆನ್ನಾಗಿ ಬರೆಯೋರು ಕೂತೇ ಇರೋದು, ಹೊಸಬರು ನಿಂತೇ ಇರೋದು ಆಗ್ಬಾರ್ದು. ಪೋಸ್ ಕೊಟ್ಟೋನು ಕಲಿಯೋದೇ ಜಾಸ್ತಿ.

ಒಂದೊಂದು ಸ್ಕೆಚ್‌ಗೆ ಎಷ್ಟು ಟೈಮ್ ಅಂತಾನೂ ಕೇಳಿದ್ದೀಯ. 30 ಸೆಕೆಂಡಿನ ಸ್ಕೆಚ್ ಹತ್ತು, 1 ನಿಮಿಷದ ಹತ್ತು, 2 ನಿಮಿಷದ ಐದು, ಕೊನೇಲಿ 5 ನಿಮಿಷದ ಎರಡು. ಒಟ್ಟು 35 ನಿಮಿಷ. 30 ಸೆಕೆಂಡಿನದ್ರಲ್ಲಿ ಮುಖ, ಬೆರಳು, ಬಟ್ಟೆ ಮಡಿಕೆ ಏನೂ ಬೇಡ. ಮೊದಲ ತಿಂಗಳು ಅಸಹ್ಯವಾಗೇ ಬರತ್ತೆ, ಬರ್ಲಿ, ಆದ್ರೆ ತಾರೀಕು ಹಾಕಿ ಎತ್ತಿಡು, ಹರೀಬೇಡ.

ಸಾಮಾನಿನ ವಿಷಯಕ್ಕೆ ಬಂದ್ರೆ, ನಿನ್ನ ಫೋಟೋದಲ್ಲಿ ಪಕ್ಕದಲ್ಲಿ ಕಾಣೋ ದಪ್ಪ ಇಂಪೋರ್ಟೆಡ್ ಸ್ಕೆಚ್‌ಬುಕ್ ಮನೇಲಿಡು. ಒಂದು ಹಾಳೆಗೆ ಅಷ್ಟು ದುಡ್ಡು ಕೊಟ್ಟೋನಿಗೆ ಕೈ ಬಿಗಿಯಾಗತ್ತೆ, ಹಾಳೆ ಹಾಳಾಗ್ಬಾರ್ದು ಅಂತ ಸಣ್ಣ ಸಣ್ಣ ಗೆರೆ ಹಾಕ್ತಾನೆ. ನ್ಯೂಸ್‌ಪ್ರಿಂಟ್, ಅಂದ್ರೆ ದಿನಪತ್ರಿಕೆ ಅಚ್ಚು ಹಾಕೋ ಅಗ್ಗದ ಕಾಗದ ತಗೋ, ಪ್ರಿಂಟಿಂಗ್ ಪ್ರೆಸ್ ಕಡೆ ವಿಚಾರಿಸಿದ್ರೆ ಉಳಿದ ತುಂಡು ಸಿಗತ್ತೆ, ದೊಡ್ಡದಾಗಿ ಕತ್ತರಿಸ್ಕೊಂಡು ರಟ್ಟಿಗೆ ಕ್ಲಿಪ್ ಹಾಕು. ವರ್ಷ ಕಳೆದ್ರೆ ಹಳದಿ ತಿರುಗತ್ತೆ, ಪ್ರಾಕ್ಟೀಸಿಗೆ ಅದೇನೂ ತೊಂದ್ರೆ ಇಲ್ಲ. ಕ್ಯಾಮ್ಲಿನ್ ಚಾರ್ಕೋಲ್ ಪೆನ್ಸಿಲ್ ನನಗೆ ಸಾಕು, ಮೃದು ಇರೋದು ತಗೋ, ಪೆನ್ಸಿಲ್ ಹಿಡಿದ ಹಾಗೆ ಹಿಡೀದೆ ಚಾಕು ಹಿಡಿದ ಹಾಗೆ ಅಡ್ಡ ಹಿಡಿ, ಮಣಿಕಟ್ಟು ಅಲ್ಲ, ಭುಜ ಆಡ್ಬೇಕು. ಹೊರಗಡೆ ಹೋದಾಗ ನಾನು ಒಯ್ಯೋದು ರೆನಾಲ್ಡ್ಸ್ 045 ಬಾಲ್‌ಪೆನ್ ಒಂದೇ. ಅಳಿಸೋಕಾಗಲ್ಲ, ಅದಕ್ಕೇ ಒಳ್ಳೇದು. ನಿನ್ನ ರಬ್ಬರ್ ಒಂದು ತಿಂಗಳು ಬೀರೂಲಿ ಇಡು, ದಯವಿಟ್ಟು. ಹದಿನಾಲ್ಕು ಚಿತ್ರದಲ್ಲೂ ಉಜ್ಜಿ ಉಜ್ಜಿ ಪೇಪರ್ ಎದ್ದಿರೋದು ಮೊಬೈಲಲ್ಲೇ ಕಾಣ್ತಿದೆ.

ಮೇಲೆ ಒಬ್ರು "ಫೋಟೋ ತೆಗೆದು ಟ್ರೇಸ್ ಮಾಡಿ, ಕರೆಕ್ಟಾಗಿ ಬರತ್ತೆ" ಅಂದಿದ್ದಾರೆ. ಸರ್, ಬೇಜಾರ್ ಮಾಡ್ಕೋಬೇಡಿ, ಇದನ್ನ ನಾನು ಒಪ್ಪಲ್ಲ. ಫೋಟೋದಿಂದ ಕಲಿಯೋದಿದೆ, ಇಲ್ಲ ಅನ್ನಲ್ಲ. 1878ರಲ್ಲಿ ಮೈಬ್ರಿಜ್ ಅನ್ನೋ ಫೋಟೋಗ್ರಾಫರ್ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ಓಡೋ ಕುದುರೆ ಹಿಡಿದ ಮೇಲೇ ಗೊತ್ತಾಗಿದ್ದು, ನಾಲ್ಕೂ ಕಾಲು ನೆಲ ಬಿಡೋದು ಹೊಟ್ಟೆ ಕೆಳಗೆ ಮಡಚ್ಕೊಂಡಾಗ ಅಂತ. ಅಲ್ಲಿವರೆಗೂ ದೊಡ್ಡ ದೊಡ್ಡ ಕಲಾವಿದರೇ ಮುಂದೆರಡು ಹಿಂದೆರಡು ಚಾಚಿ ಬರೀತಿದ್ರು. ಆದ್ರೆ ಮೊಬೈಲ್ ಹತ್ರ ಹಿಡಿದು ತೆಗೆದ್ರೆ ಮುಂದಿರೋ ಕೈ ತಲೆಗಿಂತ ದೊಡ್ಡದಾಗತ್ತೆ, ದೂರದ ಕಾಲು ಕಡ್ಡಿಯಾಗತ್ತೆ, ಟ್ರೇಸ್ ಮಾಡಿದ್ರೆ ಅದೂ ಟ್ರೇಸ್ ಆಗತ್ತೆ. ಫೋಟೋನ ಬರೆದಾದ ಮೇಲೆ ತಾಳೆ ನೋಡೋಕೆ ಇಟ್ಕೊಳ್ಳಿ.

ದಸರಾ ಟೈಮಲ್ಲಿ ಮೈಸೂರು ಅರಮನೇಲಿ ವಜ್ರಮುಷ್ಟಿ ಕಾಳಗ, ಅಂದ್ರೆ ಮುಷ್ಟಿಗೆ ಮೊನೆ ಇರೋ ಆಯುಧ ತೊಟ್ಟು ಆಡೋ ಕುಸ್ತಿ, ನೋಡೋ ಅವಕಾಶ ಸಿಕ್ರೆ ಪುಸ್ತಕಾನೇ ತೆಗೀಬೇಡ. ತಲೆಯಿಂದ ರಕ್ತ ಒಸರಿದ ಕೂಡ್ಲೇ ನಿಲ್ಲಿಸ್ಬಿಡ್ತಾರೆ, ನೀನು ತಲೆ ಬಗ್ಗಿಸಿ ಗೆರೆ ಹಾಕೋದ್ರಲ್ಲಿ ಮುಗಿದಿರತ್ತೆ. ಕಣ್ತುಂಬ ನೋಡಿ ಆಚೆ ಬಂದು ನೆನಪಿಂದ ಬರಿ.

ಗರಡಿಗಿಂತ ಸುಲಭದ ಜಾಗ ಬೇಕಂದ್ರೆ ಮಂಡ್ಯ ಕಡೆ ಆಲೆಮನೆಗೆ ಹೋಗು. ಗಾಣಕ್ಕೆ ಕಬ್ಬು ಕೊಡೋನು, ಒಲೆಗೆ ಸಿಪ್ಪೆ ತಳ್ಳೋನು, ಕೊಪ್ಪರಿಗೇಲಿ ಪಾಕ ತಿರುವೋನು, ಎಲ್ಲರೂ ಅದೇ ಚಲನೇನ ಗಂಟೆಗಟ್ಟಲೆ ಮಾಡ್ತಾರೆ, ನೀನು ಕೇಳಿದ್ರೂ ಇದಕ್ಕಿಂತ ಒಳ್ಳೆ ಮಾಡೆಲ್ ಸಿಗಲ್ಲ. ಆದ್ರೆ ಹೋದ ತಕ್ಷಣ ಪುಸ್ತಕ ಬಿಚ್ಚಬೇಡ, ಯಜಮಾನರನ್ನ ಕೇಳು, ಬೆಲ್ಲ ಕೊಂಡ್ಕೋ, ಬರೆದಿದ್ದನ್ನ ಅವರಿಗೇ ಮೊದಲು ತೋರ್ಸು. ಕೊಪ್ಪರಿಗೆ ಹತ್ರ ಹೋಗಿ ಕೂರಬೇಡ, ಪಾಕ ಸಿಡಿಯತ್ತೆ. ಗದ್ದೇಲಿ ನಾಟಿ ಮಾಡೋ ಹೆಣ್ಣುಮಕ್ಕಳನ್ನ ಕೇಳ್ದೆ ಬರೆಯೋದು, ಕದ್ದು ಫೋಟೋ ತೆಗೆಯೋದು ಮಾಡಿದ್ರೆ ನಾನೇ ನಿನ್ನ ಗ್ರೂಪಿಂದ ತೆಗೀತೀನಿ, ಇದು ಎಲ್ಲರಿಗೂ ಹೇಳ್ತಿರೋದು.

ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಕೆರೆ ಹತ್ರ ಬಾ. 10 ಕೆಜಿ ಮೂಟೆ ನಾನು ತರ್ತೀನಿ, ರಟ್ಟು ಕ್ಲಿಪ್ ನೀನು ತಗೊಂಡ್ಬಾ, ಮೊದಲ ಸರದಿ ನಿಂದೇ. ಆ 9ನೇ ಚಿತ್ರದ ಒರಿಜಿನಲ್ಲೂ ತಗೊಂಡ್ಬಾ, ಅದ್ರಲ್ಲಿ ಮಂಡಿ ಹತ್ರ ಹಾಕಿರೋ ಗೆರೆ ಯಾವ ಕಡೆಯಿಂದ ಎಳೆದೆ ಅಂತ ನೋಡ್ಬೇಕು.