ಶೇಕಡಾ ಒಂದರ ಲೆಕ್ಕ, ಪೆಂಗ್ವಿನ್ ಗೂಡಿನ ಲೆಕ್ಕ

ಪ್ರಶ್ನೆ: ಅಂಟಾರ್ಕ್ಟಿಕಾದ ಸುತ್ತಲಿನ ಸಮುದ್ರದಲ್ಲಿ ಹಡಗುಗಳು ಹಿಡಿಯುವ ಕ್ರಿಲ್ ಅಲ್ಲಿರುವುದರ ನೂರಕ್ಕೆ ಒಂದು ಪಾಲು ಮಾತ್ರ ಎಂದು ಓದಿದೆ. ಅಷ್ಟಕ್ಕೇ ಪೆಂಗ್ವಿನ್, ತಿಮಿಂಗಿಲಗಳ ಹೊಟ್ಟೆಗೆ ಕಲ್ಲು ಬೀಳುತ್ತದೆ ಎನ್ನುವುದು ಉತ್ಪ್ರೇಕ್ಷೆಯಲ್ಲವೇ? (ಕುಂದಾಪುರದ ಓದುಗರು)

ಉತ್ತರ: ನೀವು ಓದಿದ ಅಂಕಿ ಸುಳ್ಳಲ್ಲ. ಕ್ರಿಲ್ ಎಂದರೆ ನಿಮ್ಮೂರಿನ ಚಟ್ಲಿಯ, ಅಂದರೆ ಸಿಗಡಿಯ, ದೂರದ ನೆಂಟ. ಬೆಳೆದದ್ದು ಹೆಚ್ಚೆಂದರೆ 6 ಸೆಂಟಿಮೀಟರ್, ತೂಕ ಒಂದೆರಡು ಗ್ರಾಂ. ಜೀವಂತ ಕ್ರಿಲ್ ಅನ್ನು ಗಾಜಿನ ತಟ್ಟೆಯಲ್ಲಿಟ್ಟರೆ ಮೈ ಆರಪಾರ ಕಾಣುತ್ತದೆ. ಅಲ್ಲಲ್ಲಿ ಕೆಂಪು ಚುಕ್ಕಿ, ಎರಡು ದಪ್ಪ ಕಪ್ಪು ಕಣ್ಣು, ಒಳಗೆ ಆಗಷ್ಟೇ ಮೇಯ್ದ ಪಾಚಿಯ ಹಸಿರು. ಇಂಥ ಜೀವಿ ದಕ್ಷಿಣ ಅಟ್ಲಾಂಟಿಕ್ ಭಾಗವೊಂದರಲ್ಲೇ ಸುಮಾರು 6.26 ಕೋಟಿ ಟನ್ ಇದೆ ಎಂದು 2019ರ ಸಮೀಕ್ಷೆ ಅಂದಾಜಿಸಿತು. ಅಲ್ಲಿ ವರ್ಷಕ್ಕೆ ಹಿಡಿಯಲು ಇರುವ ಮಿತಿ 6.2 ಲಕ್ಷ ಟನ್. ಭಾಗಿಸಿದರೆ ನಿಮ್ಮ ಶೇಕಡಾ ಒಂದು ಸಿಗುತ್ತದೆ.

ಎಡವಟ್ಟು ಇರುವುದು ಭಾಗಾಕಾರದಲ್ಲೇ. ಜಿಲ್ಲೆಯಲ್ಲಿ ವಾಡಿಕೆಯಷ್ಟು ಮಳೆಯಾಗಿದೆ ಎಂದು ಪತ್ರಿಕೆಯಲ್ಲಿ ಬಂದ ದಿನವೇ ಯಾವುದೋ ಹೋಬಳಿಯ ಕೆರೆ ಬಿರುಕು ಬಿಟ್ಟಿರಬಹುದು. ಕ್ರಿಲ್ ಸಮುದ್ರದ ತುಂಬ ಸಮನಾಗಿ ಹರಡಿಕೊಂಡಿರುವುದಿಲ್ಲ, ಹಿಂಡುಗಟ್ಟಿರುತ್ತದೆ. ಹಿಂಡು ದಟ್ಟವಾಗಿರುವ ಜಾಗಗಳು ಹಡಗಿಗೂ ಗೊತ್ತು, ಪೆಂಗ್ವಿನ್‌ಗೂ ಗೊತ್ತು. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಕ್ಕದ ಬ್ರಾನ್ಸ್‌ಫೀಲ್ಡ್ ಜಲಸಂಧಿ ಅಂಥದ್ದೊಂದು ಜಾಗ. ಹಡಗು ಇಲ್ಲಿ ಸಿಗದಿದ್ದರೆ ಮುನ್ನೂರು ಕಿಲೋಮೀಟರ್ ಆಚೆ ಹೋದೀತು. ಮರಿ ಇರುವ ಚಿನ್‌ಸ್ಟ್ರಾಪ್ ಪೆಂಗ್ವಿನ್ ಹೋಗಲಾರದು. ಗಂಡು ಹೆಣ್ಣುಗಳಲ್ಲಿ ಒಂದು ಗೂಡು ಕಾಯುತ್ತಿರುತ್ತದೆ, ಇನ್ನೊಂದು ಹೊಟ್ಟೆ ತುಂಬಿಸಿಕೊಂಡು ಹೊತ್ತಿಗೆ ಸರಿಯಾಗಿ ಮರಳಬೇಕು. ಅದರ ಪಾಲಿಗೆ ಸಮುದ್ರವೆಂದರೆ ಗೂಡಿನ ಸುತ್ತಲಿನ ಕೆಲವು ಹತ್ತು ಕಿಲೋಮೀಟರ್.

ಇದು ಬರೀ ತರ್ಕವಲ್ಲ. ಅದೇ ಪರ್ಯಾಯ ದ್ವೀಪದ ಸಮೀಪದ ಅಡ್ಮಿರಾಲ್ಟಿ ಕೊಲ್ಲಿ ಮತ್ತು ಕೇಪ್ ಶಿರೆಫ್‌ನ ಪೆಂಗ್ವಿನ್‌ಗಳ ಮೂವತ್ತು ವರ್ಷಕ್ಕೂ ಹೆಚ್ಚಿನ ದಾಖಲೆಗಳನ್ನು ಜೋಡಿಸಿ ಅಮೆರಿಕದ ವಿಜ್ಞಾನಿಗಳು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸುಪಾಸಿನ ಕ್ರಿಲ್‌ನಲ್ಲಿ ಹತ್ತನೇ ಒಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಹಡಗುಗಳು ಎತ್ತಿಕೊಂಡಾಗ, ಪ್ರತಿಕೂಲ ಹವಾಮಾನದಿಂದ ಆಗುವಷ್ಟೇ ಪೆಟ್ಟು ಪೆಂಗ್ವಿನ್‌ಗಳಿಗೆ ಬಿದ್ದಿತ್ತು. ಒಟ್ಟು ಲೆಕ್ಕ ಶೇಕಡಾ ಒಂದನ್ನು ಮೀರದಿದ್ದರೂ! ಹಾಗೆಂದು ಎಲ್ಲ ಇಳಿಕೆಯನ್ನೂ ಹಡಗುಗಳ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಚಳಿಗಾಲದಲ್ಲಿ ಮರಿ ಕ್ರಿಲ್ ಬದುಕುವುದು ಮಂಜುಗಡ್ಡೆಯ ತಳಕ್ಕಂಟಿದ ಪಾಚಿಯನ್ನು ಮೇಯ್ದು. ಆ ಮಂಜುಗಡ್ಡೆಯೇ ಕಡಿಮೆಯಾದರೆ ಮೀನುಗಾರಿಕೆ ಇಲ್ಲದೆಯೂ ಕ್ರಿಲ್ ಬಡವಾಗುತ್ತದೆ.

ಈಗಿನ ಜಗಳ ‘ಎಲ್ಲಿ, ಯಾವಾಗ’ ಎಂಬುದರ ಬಗ್ಗೆ. ಈ ನೀರಿನ ನಿಯಮ ಮಾಡುವುದು 1982ರಲ್ಲಿ ಜಾರಿಗೆ ಬಂದ ಒಪ್ಪಂದದ ಆಯೋಗ, ಕ್ಯಾಮ್ಲಾರ್. ಕಚೇರಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿದೆ. ಎಲ್ಲ ಸದಸ್ಯರೂ ಒಪ್ಪಿದರಷ್ಟೇ ಅಲ್ಲಿ ತೀರ್ಮಾನ. 6.2 ಲಕ್ಷ ಟನ್ನನ್ನು ಒಂದೇ ಕಡೆ ಬಾಚಬಾರದೆಂದು 2009ರಿಂದ ಪ್ರದೇಶವಾರು ಹಂಚಿಕೆ ಇತ್ತು; ಪರ್ಯಾಯ ದ್ವೀಪದ ಭಾಗಕ್ಕೆ 1.55 ಲಕ್ಷ ಟನ್. 2024ರ ಸಭೆಯಲ್ಲಿ ಒಮ್ಮತ ಮೂಡದೆ ಆ ಹಂಚಿಕೆ ಬಿದ್ದುಹೋಯಿತು. ಮರುವರ್ಷ, ಅಂದರೆ 2025ರ ಆಗಸ್ಟ್ ಹೊತ್ತಿಗೇ ಒಟ್ಟು ಮಿತಿ ಮುಟ್ಟಿ, ನವೆಂಬರ್ ಕೊನೆಯವರೆಗೆ ನಡೆಯಬೇಕಿದ್ದ ಮೀನುಗಾರಿಕೆಯನ್ನು ಮೊದಲ ಬಾರಿಗೆ ನಡುವೆಯೇ ನಿಲ್ಲಿಸಬೇಕಾಯಿತು. ಕಂಪನಿಗಳ ಒಕ್ಕೂಟವೊಂದು 2018ರಿಂದ ಪೆಂಗ್ವಿನ್ ನೆಲೆಗಳ ಹತ್ತಿರ ಸಂತಾನ ಋತುವಿನಲ್ಲಿ ಬಲೆ ಹಾಕುವುದಿಲ್ಲ ಎಂದು ತಾನಾಗಿ ಒಪ್ಪಿಕೊಂಡಿದೆ. ಒಳ್ಳೆಯದೇ. ಆದರೆ ಕೊಟ್ಟವರೇ ಹಿಂಪಡೆಯಬಹುದಾದ ಮಾತು ಕಾನೂನಿನ ಜಾಗ ತುಂಬಲಾರದು. ಮಳೆಗಾಲದ 61 ದಿನ ಟ್ರಾಲ್ ಬೋಟ್ ಕಟ್ಟಿಹಾಕುವ ನಿಷೇಧವನ್ನು ಬೋಟ್ ಮಾಲೀಕರ ಇಷ್ಟಕ್ಕೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಿಮಗೆ ನಾನು ಹೇಳಬೇಕಿಲ್ಲ.

ತಿಮಿಂಗಿಲದ ಮಾತು ಉಳಿಯಿತು. ಕಳೆದ ಶತಮಾನದಲ್ಲಿ ದಕ್ಷಿಣಾರ್ಧಗೋಳದಲ್ಲಿ ಸುಮಾರು 20 ಲಕ್ಷ ತಿಮಿಂಗಿಲಗಳನ್ನು ಕೊಂದರು. ಅವುಗಳಲ್ಲಿ ಹಂಪ್‌ಬ್ಯಾಕ್, ಫಿನ್ ಜಾತಿಗಳು ಈಗ ಚೇತರಿಸಿಕೊಂಡು ಹಳೆಯ ಊಟದ ಜಾಗಕ್ಕೆ ಮರಳುತ್ತಿವೆ. 2022ರ ಜನವರಿಯಲ್ಲಿ ದಕ್ಷಿಣ ಆರ್ಕ್‌ನಿ ದ್ವೀಪಗಳ ಬಳಿ ಸಾವಿರದ ಹತ್ತಿರ ಫಿನ್ ತಿಮಿಂಗಿಲಗಳು ಒಂದೆಡೆ ಮೇಯುತ್ತಿದ್ದುದನ್ನು ಹಡಗಿನಿಂದ ಕಂಡರು. ಅವುಗಳ ನಡುವೆಯೇ ಕ್ರಿಲ್ ಹಡಗುಗಳೂ ಬಲೆ ಎಳೆಯುತ್ತಿದ್ದವು. ಮಿತಿಯನ್ನು ಗೊತ್ತುಮಾಡಿದ ಕಾಲದಲ್ಲಿ ಇಷ್ಟು ತಿಮಿಂಗಿಲಗಳು ಪಂಕ್ತಿಯಲ್ಲಿ ಕುಳಿತಿರಲಿಲ್ಲ.

ಪ್ರಶ್ನೆ: ಸಮುದ್ರದೊಳಗೆ ಪೆಂಗ್ವಿನ್ ಎಲ್ಲಿ ಉಣ್ಣುತ್ತದೆ ಎಂದು ತಿಳಿಯುವುದು ಹೇಗೆ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಬೆನ್ನಿನ ಗರಿಗಳ ನಡುವೆ ಟೇಪ್ ಸುತ್ತಿ ಪುಟ್ಟದೊಂದು ಉಪಕರಣವನ್ನು ಕೂರಿಸುತ್ತಾರೆ. ಜಾಗವನ್ನು ಜಿಪಿಎಸ್ ಬರೆದುಕೊಳ್ಳುತ್ತದೆ, ಆಳವನ್ನು ಒತ್ತಡದ ಮಾಪಕ. ಹಕ್ಕಿ ಗೂಡಿಗೆ ಮರಳಿದಾಗ ಬಿಚ್ಚಿ ಓದುತ್ತಾರೆ. ಆಳದ ಗೆರೆ ನೇರ ಇಳಿದು ನೇರ ಏರಿದ್ದರೆ ಬರೀ ಹುಡುಕಾಟ. ತಳದಲ್ಲಿ ಗರಗಸದ ಹಲ್ಲಿನಂತೆ ಏರಿಳಿದಿದ್ದರೆ ಒಂದೊಂದು ಹಲ್ಲೂ ಬೇಟೆಯ ಹಿಂದೆ ಹಾರಿದ ಗುರುತು. ಹಡಗುಗಳ ಚಲನೆಯ ದಾಖಲೆಯನ್ನು ಇದರ ಮೇಲೆ ಹಾಸಿದರೆ ಇಬ್ಬರೂ ಎಲ್ಲಿ ಎದುರಾಗುತ್ತಾರೆ ಎಂಬುದು ಕಾಣುತ್ತದೆ.

ಉಪಕರಣವಿಲ್ಲದೆಯೂ ಕೆಲವು ತಿಳಿಯುತ್ತವೆ. ದಕ್ಷಿಣ ಜಾರ್ಜಿಯಾದ ದಂಡೆಯಲ್ಲಿ ತುಪ್ಪಳದ ಸೀಲ್ ತಾಯಿ ಮರಿಯನ್ನು ಬಿಟ್ಟು ಕೆಲವು ದಿನ ಸಮುದ್ರಕ್ಕೆ ಹೋಗುತ್ತದೆ. ಮರಳಿ ದಡ ಹತ್ತುತ್ತಲೇ ಕೂಗುತ್ತದೆ, ಸಾವಿರ ಮರಿಗಳ ಗದ್ದಲದಲ್ಲಿ ಅದರ ಮರಿ ಮಾರುತ್ತರ ಕೊಡುತ್ತದೆ. ಹತ್ತಿರ ಬಂದ ಮೇಲೆ ಮೂಸಿ ನೋಡಿಯೇ ಹಾಲು. ತಾಯಿಯ ಗೈರುಹಾಜರಿ ಎಷ್ಟು ದಿನ ಎಂದು ಎಣಿಸಿದರೆ, ಮರಿಯನ್ನು ತೂಗಿದರೆ, ಆ ವರ್ಷ ಕ್ರಿಲ್ ಹತ್ತಿರವಿತ್ತೋ ದೂರವಿತ್ತೋ ಎಂಬುದರ ಸುಳಿವು ಸಿಗುತ್ತದೆ. ದಕ್ಷಿಣ ಜಾರ್ಜಿಯಾದಲ್ಲಿ ಬೇಸಿಗೆಯಲ್ಲಿ ಕ್ರಿಲ್ ಹಿಡಿಯುವಂತಿಲ್ಲ. ಮರಿಗಳ ಕಾಲ ಮುಗಿದ ಮೇಲೆ, ಚಳಿಗಾಲದಲ್ಲಿ ಮಾತ್ರ ಹಡಗುಗಳಿಗೆ ಅವಕಾಶ.

ಪ್ರಶ್ನೆ: ನಾನು ಕ್ರಿಲ್ ಎಣ್ಣೆಯ ಮಾತ್ರೆ ನುಂಗುತ್ತಿದ್ದೇನೆ. ಬಿಡಬೇಕೇ? (ಬೆಂಗಳೂರಿನ ಓದುಗರು)

ಉತ್ತರ: ವೈದ್ಯರು ಬರೆದುಕೊಟ್ಟಿದ್ದರೆ ಅವರನ್ನೇ ಕೇಳಿ. ಜಾಹೀರಾತು ನೋಡಿ ಕೊಂಡಿದ್ದರೆ, ಅದರಲ್ಲಿರುವ ಒಮೆಗಾ-3 ನಮ್ಮ ಬೂತಾಯಿಯಲ್ಲೂ ಇದೆ, ಮೀನು ತಿನ್ನದವರಿಗೆ ಪಾಚಿಯಿಂದ ತೆಗೆದ ಎಣ್ಣೆಯೂ ಸಿಗುತ್ತದೆ. ಮಾತ್ರೆಯ ಚಂದದ ಕೆಂಪು ಅಸ್ಟಾಕ್ಸಾಂಥಿನ್ ಎಂಬ ಬಣ್ಣದ್ದು. ಅಂದಹಾಗೆ, ಹಿಡಿದ ಕ್ರಿಲ್‌ನಲ್ಲಿ ಬಹಳಷ್ಟು ಹಿಟ್ಟಾಗಿ ಸಾಕಣೆಯ ಸಾಲ್ಮನ್ ಮೀನುಗಳ ಮೇವಾಗುತ್ತದೆ. ಸೋವಿಯತ್ ಒಕ್ಕೂಟ ಇದನ್ನು ಜನರ ತಟ್ಟೆಗೇ ಹಾಕಲು ಹೊರಟಿತ್ತು. 1982ರ ಹೊತ್ತಿಗೆ ವರ್ಷಕ್ಕೆ ಐದು ಲಕ್ಷ ಟನ್ನಿನ ಹತ್ತಿರ ಹಿಡಿದು, ಕ್ರಿಲ್ ಮುದ್ದೆ ಮಾಡಿ ಮಾರಿತು. ಆದರೆ ಸತ್ತ ಕ್ರಿಲ್ ತನ್ನದೇ ಕಿಣ್ವಗಳಿಂದ ಕೆಲವೇ ಗಂಟೆಗಳಲ್ಲಿ ಕರಗತೊಡಗುತ್ತದೆ, ಚಿಪ್ಪಿನಲ್ಲಿ ಫ್ಲೋರೈಡ್ ಬೇರೆ. ಒಕ್ಕೂಟ ಒಡೆದ ಮೇಲೆ ಆ ಹಡಗುಗಳೂ ಕಣ್ಮರೆಯಾದವು.

ಪ್ರಶ್ನೆ: ಇದರಲ್ಲಿ ಭಾರತದ ಪಾತ್ರವೇನಾದರೂ ಇದೆಯೇ? (ಮೈಸೂರಿನ ಓದುಗರು)

ಉತ್ತರ: ಇದೆ. 1986ರಿಂದ ನಾವು ಆ ಆಯೋಗದ ಸದಸ್ಯರು. ಒಮ್ಮತ ಬೇಕೆನ್ನುವ ಸಭೆಯಲ್ಲಿ ನಮ್ಮದೂ ಒಂದು ಮಾತು ನಡೆಯುತ್ತದೆ.

ಪ್ರಶ್ನೆ: ಡಾಲ್ಫಿನ್‌ಗಳು ನಮ್ಮ ಬಲೆ ಹರಿದು ಮೀನು ತಿನ್ನುತ್ತವೆ. ಅಲ್ಲಿಯ ಮೀನುಗಾರರಿಗೂ ಈ ಕಾಟವಿದೆಯೇ? (ಮಲ್ಪೆಯ ಬೋಟ್ ಮಾಲೀಕರು)

ಉತ್ತರ: ನಿಮಗಿಂತ ಹೆಚ್ಚು. ಅಲ್ಲಿಯ ಬೆಲೆಬಾಳುವ ಮೀನು ಟೂತ್‌ಫಿಶ್. ಸಾವಿರ ಮೀಟರ್‌ಗೂ ಕೆಳಗೆ ಸಾವಿರಾರು ಗಾಳಗಳ ಹಗ್ಗ ಇಳಿಬಿಟ್ಟು ಅದನ್ನು ಹಿಡಿಯುತ್ತಾರೆ. ಅಷ್ಟು ಆಳದ ಮೀನು ಓರ್ಕಾ ತಿಮಿಂಗಿಲಕ್ಕೆ ಸಾಮಾನ್ಯವಾಗಿ ಎಟುಕುವುದಿಲ್ಲ. ಹಗ್ಗ ಮೇಲೆಳೆಯುವ ಯಂತ್ರದ ಸದ್ದು ಕೇಳಿದರೆ ಸಾಕು, ಹಿಂದೂ ಮಹಾಸಾಗರದ ದಕ್ಷಿಣದ ಕ್ರೋಜೆ ದ್ವೀಪಗಳ ಓರ್ಕಾಗಳು ದೂರದಿಂದಲೇ ಹಾಜರಾಗುತ್ತವೆ. ಮೀನುಗಾರನಿಗೆ ಗಾಳದಲ್ಲಿ ಸಿಗುವುದು ಕೆಲವೊಮ್ಮೆ ಬರೀ ತುಟಿ. 1990ರ ದಶಕದಲ್ಲಿ ಅಲ್ಲಿ ಕಳ್ಳತನದಿಂದ ಮೀನು ಹಿಡಿಯುತ್ತಿದ್ದ ಹಡಗುಗಳು ಅವುಗಳ ಮೇಲೆ ಬಂದೂಕು, ಸ್ಫೋಟಕ ಬಳಸಿದವು. ಓರ್ಕಾಗಳ ಸಂಖ್ಯೆ ಕುಸಿಯಿತು. ಪರವಾನಗಿ ಇರುವವರು ಈಗ ಬೇರೆ ದಾರಿ ಹಿಡಿದಿದ್ದಾರೆ: ಹಗ್ಗವನ್ನು ಗಿಡ್ಡ ಮಾಡುವುದು, ಬೇಗ ಎಳೆಯುವುದು, ಓರ್ಕಾ ಕಂಡರೆ ಹಗ್ಗವನ್ನು ತೇಲುಗುಂಡಿಗೆ ಕಟ್ಟಿಬಿಟ್ಟು ಹತ್ತಾರು ಕಿಲೋಮೀಟರ್ ದೂರ ಸರಿಯುವುದು. ಡೀಸೆಲ್ ಖರ್ಚಾಗುತ್ತದೆ, ನಿಜ. ಓರ್ಕಾ ಹಿಂಬಾಲಿಸಿಕೊಂಡು ಬಂದರೆ ಆ ಡೀಸೆಲ್ಲೂ ದಂಡ.